ಎಸಿ ಕೂರಿಸಲು ಲೈಸೆನ್ಸ್ ಬೇಕೇ?

ಪ್ರಶ್ನೆ: ಮುಳಬಾಗಿಲಿನಲ್ಲಿ ಎಸಿ ರಿಪೇರಿ ಅಂಗಡಿ ತೆರೆಯಬೇಕೆಂದಿದ್ದೇನೆ. ಅದಕ್ಕೆ ಸರ್ಕಾರದ ಲೈಸೆನ್ಸ್ ಬೇಕೇ?

ಉತ್ತರ: ಅಮೆರಿಕದ ಹಲವು ರಾಜ್ಯಗಳಲ್ಲಿರುವಂತೆ ಎಸಿ ಕೆಲಸಕ್ಕೆಂದೇ ಪ್ರತ್ಯೇಕ ಲೈಸೆನ್ಸ್ ನಮ್ಮಲ್ಲಿಲ್ಲ. ಅಂಗಡಿಗೆ ಊರಿನ ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿ ಮಾಡಿಸಿಕೊಳ್ಳಿ. ಆದರೆ ಹೊಸದಾಗಿ ವೈರಿಂಗ್ ಎಳೆಯುವ ಕೆಲಸ ಬಂದರೆ ಮಾತು ಬೇರೆ. ಅದನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕು.

ನನಗೆ ಲೈಸೆನ್ಸಿಗಿಂತ ದೊಡ್ಡದಾಗಿ ಕಾಣುವುದು ಕಲಿಕೆ. ಹಳೆಯ ಎಸಿಗಳ ಆರ್-22 ಅನಿಲ ಓಝೋನ್ ಪದರವನ್ನು ಸವೆಸುತ್ತದೆ. ಹೊಸ ಎಸಿಗಳಲ್ಲಿರುವ ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವಂಥದ್ದು. ಪೈಪಿನಲ್ಲಿ ಗ್ಯಾಸ್ ಉಳಿದಿರುವಾಗಲೇ ಬೆಸುಗೆಗೆ ಬೆಂಕಿ ಹಚ್ಚಿದರೆ ಪ್ರಾಣಕ್ಕೇ ಕುತ್ತು. ಐಟಿಐಯಲ್ಲಿ ಇದಕ್ಕೆಂದೇ 2 ವರ್ಷದ ತರಬೇತಿಯಿದೆ. ಮುಂದೆ ನರಸಾಪುರ, ಮಾಲೂರಿನ ಕಾರ್ಖಾನೆಗಳ ಕೆಲಸ ಹಿಡಿಯುವ ಆಸೆಯಿದ್ದರೆ ಆ ಪ್ರಮಾಣಪತ್ರ ಕೈಯಲ್ಲಿರಲಿ.