ಹಿತ್ತಿಲಿನ ವಸಂತ ಮತ್ತು ಒಂದು ಸಮೀಕರಣ

ಯುಗಾದಿಗೆ ಇನ್ನೂ ಹತ್ತು ದಿನಗಳಿರುವಾಗಲೇ ನಮ್ಮ ಹಿತ್ತಿಲಿಗೆ ವಸಂತ ಬಂದಿರುತ್ತದೆ. ಅದನ್ನು ಅರಿಯಲು ಪಂಚಾಂಗವನ್ನು ತೆರೆಯಬೇಕಾಗಿಲ್ಲ. ನಮ್ಮ ತಂದೆಯವರು ನೆಟ್ಟ ಮಾವಿನ ಮರದಲ್ಲಿ ಒಂದು ಕಡೆ ತಾಮ್ರವರ್ಣದ ಚಿಗುರು, ಇನ್ನೊಂದು ಕಡೆ ನೆಲ್ಲಿಕಾಯಿ ಗಾತ್ರದ ಮಿಡಿ. ಹಲಸಿನ ಕಾಂಡಕ್ಕೆ ಕಚ್ಚಿಕೊಂಡಿರುವ ಎಳೆಯ ಕಾಯಿಗಳು. ಬಾಳೆಯ ಹೂವಿನಲ್ಲಿ ತಲೆಕೆಳಗಾಗಿ ನೇತಾಡುತ್ತ ಮಕರಂದ ಹೀರುವ ಸೂರಕ್ಕಿ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯೆಂದು ನಾವು ಭಾವಿಸಿದ ಕಲೆ ಮೆಲ್ಲಗೆ ತೆವಳತೊಡಗಿದಾಗ ಅದು ಚಿಟ್ಟೆಯೊಂದರ ಮರಿಹುಳುವೆಂದು ತಿಳಿಯುತ್ತದೆ. ಮರಗಳ ನೆರಳಿನಂಚಿನಲ್ಲಿ ಬದನೆ, ಅಲಸಂದೆ, ಕುಂಬಳ, ಬಸಳೆ, ಕೊತ್ತಂಬರಿ. ಮನೆಯ ಅಡುಗೆಗೆ ಬೇಕಾದುದರಲ್ಲಿ ಬಹುಭಾಗ ಈ ನೆಲದಿಂದಲೇ ಬರುತ್ತದೆ.

ಇಲ್ಲಿ ನಡೆಯುವ ಕೆಲಸದಲ್ಲಿ ನಮ್ಮ ಪಾಲೆಷ್ಟು, ಇತರರ ಪಾಲೆಷ್ಟು? ಬದನೆಯ ಹೂವನ್ನೇ ನೋಡೋಣ. ಅದರ ಪರಾಗಕೋಶಗಳು ಉದ್ದಕ್ಕೂ ಸೀಳಿಕೊಂಡು ತೆರೆಯುವುದಿಲ್ಲ. ತುದಿಯಲ್ಲಿ ಸಣ್ಣ ರಂಧ್ರಗಳು ಮಾತ್ರ ಇರುತ್ತವೆ. ಕಪ್ಪು ಬಡಗಿದುಂಬಿಯೊಂದು ಬಂದು ಹೂವನ್ನು ತಬ್ಬಿ ಹಿಡಿಯುತ್ತದೆ. ಬಳಿಕ ರೆಕ್ಕೆಗಳನ್ನು ಬಡಿಯದೆ, ಹಾರಾಟದ ಸ್ನಾಯುಗಳನ್ನಷ್ಟೇ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಕಂಪಿಸುತ್ತದೆ. ರಂಗೋಲಿಯ ಕೊಳವೆಯನ್ನು ತಟ್ಟಿದಾಗ ತೂತುಗಳಿಂದ ಪುಡಿ ಉದುರುವಂತೆ ಪರಾಗ ಹೊರಕ್ಕೆ ಚಿಮ್ಮುತ್ತದೆ. ಜೇನುನೊಣಕ್ಕೆ ಈ ವಿದ್ಯೆ ತಿಳಿಯದು. ಗಾಳಿಯ ಅಲುಗಾಟದಿಂದಲೂ ಬದನೆ ಕಾಯಿಕಟ್ಟುವುದುಂಟು. ಆದರೆ ದುಂಬಿ ಬಂದಾಗ ಫಲ ಹೆಚ್ಚು. ಕುಂಬಳದ ಅವಲಂಬನೆ ಇನ್ನೂ ಹೆಚ್ಚಿನದು. ಅದರಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಪರಾಗವು ಅಂಟಾದುದು, ಭಾರವಾದುದು, ಗಾಳಿಗೆ ಹಾರುವಂಥದಲ್ಲ. ಹೂವು ಬೆಳಕು ಹರಿಯುವಾಗ ಅರಳಿ ಮಧ್ಯಾಹ್ನದ ವೇಳೆಗೆ ಮುದುಡುತ್ತದೆ. ಆ ಕೆಲವು ಗಂಟೆಗಳಲ್ಲಿ ಜೇನು ಬಾರದಿದ್ದರೆ ಪೀಚು ಹಳದಿಗಟ್ಟಿ ಉದುರುತ್ತದೆ.

ಇದನ್ನು ನಾವು ಪುಸ್ತಕದಿಂದ ಕಲಿತೆವೆನ್ನುವುದಕ್ಕಿಂತ ಒಂದು ತಪ್ಪಿನಿಂದ ಕಲಿತೆವೆನ್ನುವುದೇ ಸರಿ.

ಕುಡಿಯ ಮೇಲಿನ ಮುತ್ತಿಗೆ

ಕೆಲವು ವರ್ಷಗಳ ಹಿಂದೆ, ಇಂಥದೇ ವಸಂತದಲ್ಲಿ, ಅಲಸಂದೆಯ ಎಳೆಯ ಕುಡಿಗಳಿಗೆ ಕಪ್ಪು ಸಸ್ಯಹೇನುಗಳು ಮುತ್ತಿದವು. ಈ ಕೀಟದ ವಂಶಾಭಿವೃದ್ಧಿ ವಿಸ್ಮಯಕರವಾದುದು. ಹೆಣ್ಣು ಗಂಡಿನ ನೆರವಿಲ್ಲದೆಯೇ ಜೀವಂತ ಹೆಣ್ಣುಮರಿಗಳನ್ನು ಹೆರುತ್ತದೆ. ಹುಟ್ಟಿದ ಮರಿ ಒಂದು ವಾರದ ಸುಮಾರಿಗೆ ತಾನೇ ತಾಯಿಯಾಗುತ್ತದೆ. ಅವುಗಳ ಸಂಖ್ಯೆ ಮೂರು ದಿನಗಳಿಗೊಮ್ಮೆ ಇಮ್ಮಡಿಸುವುದೆಂದು ಭಾವಿಸಿ ಲೆಕ್ಕ ಹಾಕಿದರೆ, ಮೂವತ್ತು ದಿನಗಳಲ್ಲಿ ಒಂದು ಹೇನು 1024 ಆಗಬೇಕು! ನಾವು ಗಾಬರಿಗೊಂಡು ಪೇಟೆಯಿಂದ ಕೀಟನಾಶಕವೊಂದನ್ನು ತಂದು, ಬೆಳಗಿನ ಏಳು ಗಂಟೆಗೆ, ಕುಂಬಳದ ಹೂಗಳು ಅರಳಿದ್ದ ವೇಳೆಯಲ್ಲಿಯೇ, ಹಿತ್ತಿಲಿಗೆಲ್ಲ ಸಿಂಪಡಿಸಿದೆವು.

ಮರುದಿನ ಕುಡಿಗಳೆಲ್ಲ ಸ್ವಚ್ಛವಾಗಿದ್ದವು. ನಮಗೆ ಬಹಳ ಸಂತೋಷವಾಯಿತು. ಆದರೆ ಆ ವಾರದ ಕುಂಬಳದ ಪೀಚುಗಳಲ್ಲಿ ಒಂದೂ ನಿಲ್ಲಲಿಲ್ಲ. ನಮ್ಮ ತಾಯಿಯವರು ಗಂಡುಹೂವನ್ನು ಕಿತ್ತು ಹೆಣ್ಣುಹೂವಿಗೆ ಸವರಿದ ಎರಡು ಕಾಯಿಗಳಷ್ಟೇ ಉಳಿದವು. ಮೂರು ವಾರಗಳು ಕಳೆಯುವಷ್ಟರಲ್ಲಿ ಹೇನು ಮತ್ತೆ ಕಾಣಿಸಿಕೊಂಡಿತು, ಅದೂ ಮೊದಲಿಗಿಂತ ದಟ್ಟವಾಗಿ. ಔಷಧದ ಪ್ರಮಾಣದಲ್ಲಿ ತಪ್ಪಾಯಿತೆ? ತಪ್ಪು ಪ್ರಮಾಣದಲ್ಲಿರಲಿಲ್ಲ. ಅದು ನಾವು ವರ್ಷವರ್ಷವೂ ತರಗತಿಯ ಕರಿಹಲಗೆಯ ಮೇಲೆ ಬರೆಯುತ್ತ ಬಂದಿದ್ದ ಒಂದು ಜೋಡಿ ಸಮೀಕರಣಗಳಲ್ಲಿ ಅಡಗಿತ್ತು.

ಮೀನಿನ ಮಾರುಕಟ್ಟೆಯಿಂದ ಬಂದ ಗಣಿತ

ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1914ರಿಂದ 1918ರವರೆಗೆ, ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಬಹುಮಟ್ಟಿಗೆ ಕುಗ್ಗಿತ್ತು. ಆ ವರ್ಷಗಳ ಮಾರುಕಟ್ಟೆಯ ಲೆಕ್ಕಗಳನ್ನು ಪರಿಶೀಲಿಸಿದ ಇಟಲಿಯ ಜೀವವಿಜ್ಞಾನಿ ಉಂಬರ್ಟೊ ಡಾಂಕೋನನಿಗೆ ಒಂದು ವಿಚಿತ್ರ ಕಂಡಿತು. ಫಿಯೂಮೆ ಬಂದರಿಗೆ ಬಂದ ಮೀನಿನಲ್ಲಿ ಶಾರ್ಕ್ ಮುಂತಾದ ಬೇಟೆಗಾರ ಮೀನುಗಳ ಪಾಲು 1914ರಲ್ಲಿ ನೂರಕ್ಕೆ ಸುಮಾರು 12 ಇದ್ದುದು 1918ರಲ್ಲಿ ಸುಮಾರು 36ಕ್ಕೆ ಏರಿತ್ತು. ಬಲೆ ಬೀಸುವುದು ಕಡಮೆಯಾದರೆ ಎಲ್ಲ ಮೀನುಗಳೂ ಸಮನಾಗಿ ಹೆಚ್ಚಬೇಕಲ್ಲವೆ? ಬೇಟೆಗಾರ ಮೀನುಗಳಿಗೇ ಏಕೆ ಹೆಚ್ಚಿನ ಲಾಭ?

ಆತ ಈ ಪ್ರಶ್ನೆಯನ್ನು ತನ್ನ ಮಾವನಾದ ವೀಟೊ ವೊಲ್ಟೆರಾನ ಮುಂದಿಟ್ಟನು. ವೊಲ್ಟೆರಾ ರೋಮ್ ವಿಶ್ವವಿದ್ಯಾನಿಲಯದಲ್ಲಿ ಗಣಿತೀಯ ಭೌತವಿಜ್ಞಾನದ ಪ್ರಾಧ್ಯಾಪಕ. 1926ರಲ್ಲಿ ಆತ ಪ್ರಕಟಿಸಿದ ಉತ್ತರದ ತಿರುಳು ಬಹು ಸರಳವಾದುದು. ಬೇಟೆಗಾರರ ಸಂಖ್ಯೆ ಬಹುಕಾಲ ಒಂದು ಮಟ್ಟದಲ್ಲಿ ನಿಲ್ಲಬೇಕಾದರೆ ಅವುಗಳ ಹುಟ್ಟು ಅವುಗಳ ಸಾವಿಗೆ ಸಮನಾಗಬೇಕು. ಹುಟ್ಟು ಆಹಾರವನ್ನು, ಎಂದರೆ ಬೇಟೆಯ ಸಂಖ್ಯೆಯನ್ನು, ಅವಲಂಬಿಸಿದೆ. ಆದ್ದರಿಂದ ಬೇಟೆಗಾರರು ಹೆಚ್ಚು ಸಾಯತೊಡಗಿದರೆ, ಆ ನಷ್ಟವನ್ನು ತುಂಬಲು ಬೇಟೆಯ ಸರಾಸರಿ ಸಂಖ್ಯೆ ಹೆಚ್ಚಲೇಬೇಕು! ಅಂತೆಯೇ ಬೇಟೆಯ ಹುಟ್ಟಿನ ಲಾಭ ಕುಗ್ಗಿದರೆ, ಅದನ್ನು ಹತೋಟಿಯಲ್ಲಿಡಲು ಕಡಮೆ ಬೇಟೆಗಾರರು ಸಾಕು. ಹೀಗೆ ಎರಡನ್ನೂ ಒಟ್ಟಿಗೆ ಕೊಲ್ಲುವ ಯಾವ ಶಕ್ತಿಯೇ ಆಗಲಿ, ಅದು ಬಲೆಯಾಗಲಿ ವಿಷವಾಗಲಿ, ಸರಾಸರಿಯಲ್ಲಿ ಬೇಟೆಗಾರರನ್ನು ಇಳಿಸಿ ಬೇಟೆಯನ್ನು ಏರಿಸುತ್ತದೆ. ಯುದ್ಧಕಾಲದಲ್ಲಿ ನಡೆದುದು ಇದರ ವಿಲೋಮ.

ಸಮುದ್ರದ ಸ್ಥಾನದಲ್ಲಿ ಹಿತ್ತಿಲನ್ನಿಟ್ಟು ನೋಡಿರಿ. ಬೇಟೆ ಸಸ್ಯಹೇನು, ಬೇಟೆಗಾರ ಗುಲಗಂಜಿ ಹುಳು. ಬಲೆ ನಮ್ಮ ಕೈಯಲ್ಲಿದ್ದ ಸಿಂಪಡಿಕೆಯ ಪಂಪು.

ಕಿತ್ತಳೆಯ ತೋಟದ ಸಾಕ್ಷ್ಯ

ಕಾಗದದ ಮೇಲಿನ ಈ ತರ್ಕ ನೆಲದ ಮೇಲೆ ನಿಲ್ಲುವುದೆ? ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳ ಇತಿಹಾಸ ಉತ್ತರ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯದಿಂದ ಅಲ್ಲಿಗೆ ಬಂದುಸೇರಿದ, ಮೈಮೇಲೆ ಹತ್ತಿಯಂಥ ಬಿಳಿಯ ಚೀಲವನ್ನು ಹೊತ್ತ ಶಲ್ಕಕೀಟವೊಂದು ಆ ತೋಟಗಳನ್ನು ನಾಶದ ಅಂಚಿಗೆ ತಂದಿತ್ತು. 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ ಆಸ್ಟ್ರೇಲಿಯಕ್ಕೆ ಹೋಗಿ, ಅಲ್ಲಿ ಅದನ್ನು ತಿನ್ನುತ್ತಿದ್ದ ಸಣ್ಣ ಗುಲಗಂಜಿ ಹುಳುವನ್ನು ಕಂಡುಹಿಡಿದು, ಸುಮಾರು 500 ಹುಳುಗಳನ್ನು ಹಡಗಿನ ಮೂಲಕ ಕಳುಹಿಸಿದನು. ಅವುಗಳ ಸಂತತಿ ಒಂದೆರಡು ವರ್ಷಗಳಲ್ಲಿಯೇ ಪಿಡುಗನ್ನು ಅಡಗಿಸಿತು. ಅನಂತರ ಅರ್ಧ ಶತಮಾನ ಕಾಲ ಅಲ್ಲಿ ಶಾಂತಿ ನೆಲಸಿತ್ತು. 1939ರಲ್ಲಿ ಡಿಡಿಟಿಯ ಕೀಟನಾಶಕ ಗುಣ ಪತ್ತೆಯಾಯಿತು. 1940ರ ದಶಕದ ಕೊನೆಯಲ್ಲಿ ಬೇರೆ ಕೀಟಗಳಿಗಾಗಿ ಅದನ್ನು ತೋಟಗಳಲ್ಲಿ ಸಿಂಪಡಿಸಿದಾಗ ಗುಲಗಂಜಿ ಹುಳು ಅಳಿಯಿತು. ಶಲ್ಕಕೀಟ ಮರಳಿ ಬಂದಿತು. ಸಿಂಪಡಿಕೆಯ ಕ್ರಮವನ್ನು ಬದಲಿಸಿ ಹುಳುವನ್ನು ಮತ್ತೆ ಬಿಟ್ಟ ಮೇಲೆಯೇ ಹಿಂದಿನ ಸ್ಥಿತಿ ಒದಗಿತು.

ಆದರೂ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ವೊಲ್ಟೆರಾನ ಸಮೀಕರಣಗಳು ಮಳೆ, ಬಿಸಿಲು, ಇರುವೆ ಇವೊಂದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವು ಹೇಳುವುದು ಸರಾಸರಿಯನ್ನು ಮಾತ್ರ. ಸಿಂಪಡಿಸಿದ ದಿನ ಹೇನು ಇಳಿಯುವುದು ನಿಜವೇ. ವಿಷ ಅತಿ ತೀವ್ರವಾದರೆ ಹೇನು ಪೂರ್ತಿ ಅಳಿಯಲೂಬಹುದು. ಆಗ ಅದರೊಡನೆ ಕುಂಬಳದ ಜೇನೂ ಬದನೆಯ ದುಂಬಿಯೂ ಅಳಿದಿರುತ್ತವೆ.

ಕಾಯುವ ಕೆಲಸ

ಈಗ ನಾವೇನು ಮಾಡುತ್ತೇವೆ? ಕೈಕಟ್ಟಿ ಕುಳಿತಿಲ್ಲ. ಹೇನು ಹೆಚ್ಚು ಮುತ್ತಿದ ಕುಡಿಯನ್ನು ಚಿವುಟಿ ಎಸೆಯುತ್ತೇವೆ; ಉಳಿದವುಗಳಿಗೆ ರಭಸದಿಂದ ನೀರು ಹಾಯಿಸುತ್ತೇವೆ. ಹೇನು ಸ್ರವಿಸುವ ಸಿಹಿರಸಕ್ಕಾಗಿ ಇರುವೆಗಳು ಕಾವಲು ನಿಂತು ಗುಲಗಂಜಿ ಹುಳುಗಳನ್ನು ಓಡಿಸುವುದರಿಂದ, ಅವು ಚಪ್ಪರದ ಗೂಟಗಳನ್ನು ಹತ್ತದಂತೆ ನೋಡಿಕೊಳ್ಳುತ್ತೇವೆ. ಒಂದು ಸಾಲು ಕೊತ್ತಂಬರಿಯನ್ನು ಕೀಳದೆ ಹೂಬಿಡಲು ಬಿಡುತ್ತೇವೆ. ಹೇನನ್ನು ತಿನ್ನುವ ಮರಿಹುಳುಗಳ ತಾಯಿಯಾದ ಒಂದು ಬಗೆಯ ಪಟ್ಟೆನೊಣಕ್ಕೆ ಆ ಹೂವಿನ ಮಕರಂದವೇ ಆಹಾರ. ಎಲ್ಲಕ್ಕಿಂತ ಮುಖ್ಯವಾಗಿ, ಕಪ್ಪಗೆ, ಉದ್ದವಾಗಿ, ಕಿರಿಯ ಮೊಸಳೆಯಂತೆ ಕಾಣುವ ಹುಳುವನ್ನು ಕೊಲ್ಲುವುದಿಲ್ಲ. ಅದು ಗುಲಗಂಜಿ ಹುಳುವಿನ ಮರಿ. ಬೆಳೆದು ದೊಡ್ಡದಾಗುವುದರೊಳಗೆ ನೂರಾರು ಹೇನುಗಳನ್ನು ತಿಂದಿರುತ್ತದೆ. ಆ ವರ್ಷ ಎಷ್ಟನ್ನು ನಾವೇ ಪೀಡೆಯೆಂದು ಹೊಸಕಿದೆವೋ!

ಉಳಿದುದು ಕಾಯುವಿಕೆ. ಮೊಟ್ಟೆಯಿಂದ ಹುಳುವಾಗಲು ಸುಮಾರು ಎರಡು ಮೂರು ವಾರಗಳು ಬೇಕು. ಬೇಟೆ ಮೊದಲು ಏರುತ್ತದೆ, ಬೇಟೆಗಾರ ಆಮೇಲೆ ಏರುತ್ತಾನೆ. ಕೃಷಿಕನ ಧೈರ್ಯ ಕುಸಿಯುವುದು ಈ ನಡುವಿನ ಅವಧಿಯಲ್ಲಿಯೇ. ನಮ್ಮ ಧೈರ್ಯ ಕುಸಿದುದೂ ಆಗಲೇ.

ವಿದ್ಯಾರ್ಥಿ ಮಿತ್ರರು ಇದನ್ನು ತಾವೇ ಪರೀಕ್ಷಿಸಬಹುದು. ಅಲಸಂದೆಯ ಹತ್ತು ಕುಡಿಗಳಿಗೆ ದಾರ ಕಟ್ಟಿ ಗುರುತಿಟ್ಟು, ದಿನಕ್ಕೊಮ್ಮೆ ಹೇನುಗಳನ್ನೂ ಗುಲಗಂಜಿ ಹುಳುಗಳನ್ನೂ ಎಣಿಸಿ ರೇಖಾಪತ್ರದ ಮೇಲೆ ಗುರುತು ಮಾಡಿರಿ. ಚೈತ್ರ ಮುಗಿಯುವುದರೊಳಗೆ ಒಂದರ ಬೆನ್ನು ಹತ್ತಿ ಇನ್ನೊಂದು ನಡೆಯುವ ಎರಡು ವಕ್ರರೇಖೆಗಳು ಮೂಡುವುದನ್ನು ನೀವು ಕಾಣಬಹುದು. ಎಣಿಸಲು ಹೋಗುವ ಹೊತ್ತು ಬೆಳಗಿನ ಏಳು ಗಂಟೆಯಾಗಿರಲಿ. ಆ ಹೊತ್ತಿಗೆ ಕುಂಬಳದ ಹೂವೊಳಗೆ ಜೇನು ಮೈಯೆಲ್ಲ ಪರಾಗವನ್ನು ಬಳಿದುಕೊಂಡು ಹೊರಳುತ್ತಿರುತ್ತದೆ.