ತರ್ಕದ ಒರೆಗಲ್ಲು

ಪ್ರತಿಯೊಬ್ಬ ಮನುಷ್ಯನಿಗೂ ತಾಯಿಯುಂಟು. ಆದುದರಿಂದ ಮನುಷ್ಯಕುಲಕ್ಕೂ ಒಬ್ಬ ತಾಯಿಯಿರಬೇಕು. ಹೀಗೆ ಯಾರಾದರೂ ವಾದಿಸಿದರೆ ನಮಗೆ ನಗು ಬರುತ್ತದೆ. ಆದರೆ ತಪ್ಪು ಎಲ್ಲಿದೆಯೆಂದು ತೋರಿಸಿಕೊಡುವುದು ನಕ್ಕಷ್ಟು ಸುಲಭವಲ್ಲ. ಮೊದಲನೆಯ ಮಾತು ನಿಜವೇ. ಅದರಿಂದ ಎರಡನೆಯದಕ್ಕೆ ನಡೆದ ದಾರಿಯಲ್ಲಿ ದೋಷವಿದೆ.

ಮಾತುಗಳ ವಿಷಯವನ್ನು ಬದಿಗಿಟ್ಟು, ಒಂದರಿಂದ ಮತ್ತೊಂದು ಫಲಿಸುವ ಬಗೆಯನ್ನಷ್ಟೇ ಪರೀಕ್ಷಿಸುವ ಶಾಸ್ತ್ರವೇ ರೂಪನಿಷ್ಠ ತರ್ಕ. ಕ್ರಿ.ಪೂ. 4ನೆಯ ಶತಮಾನದಲ್ಲಿ ಗ್ರೀಸಿನ ಅರಿಸ್ಟಾಟಲನು ಇದಕ್ಕೆ ತಳಹದಿ ಹಾಕಿದನು. ನಮ್ಮ ನೈಯಾಯಿಕರೂ ಸರಿಯಾದ ಹೇತುವಿನಂತೆ ತೋರಿ ಮೋಸಗೊಳಿಸುವ ಹೇತುಗಳನ್ನು ಹೇತ್ವಾಭಾಸಗಳೆಂದು ಕರೆದು ವಿಂಗಡಿಸಿದ್ದಾರೆ. ಅದರ ಕಥೆ ಬೇರೆಯೇ ದೊಡ್ಡದು.

ಮೇಲಿನ ತಾಯಿಯ ಉದಾಹರಣೆಯನ್ನು ಕೊಟ್ಟವರು ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್. 1948ರಲ್ಲಿ ಬಿ.ಬಿ.ಸಿ. ಬಾನುಲಿಯಲ್ಲಿ ಅವರಿಗೂ ಜೆಸ್ಯೂಟ್ ಪಾದ್ರಿ ಕೊಪ್ಲ್‌ಸ್ಟನ್ನರಿಗೂ ದೇವರ ಅಸ್ತಿತ್ವವನ್ನು ಕುರಿತು ವಾದ ನಡೆಯಿತು. ಲೋಕದ ಪ್ರತಿಯೊಂದು ವಸ್ತುವೂ ಬೇರೊಂದನ್ನು ಅವಲಂಬಿಸಿದೆ. ಆದುದರಿಂದ ಇಡೀ ಲೋಕಕ್ಕೆ ಅದರಾಚೆಯ ಆಧಾರವೊಂದು ಇರಲೇಬೇಕು ಎಂಬುದು ಪಾದ್ರಿಗಳ ನಿಲುವು. ರಸೆಲ್ಲರು ಒಪ್ಪಲಿಲ್ಲ. ವರ್ಗಗಳನ್ನು ಕುರಿತು ಎಚ್ಚರವಿಲ್ಲದೆ ಮಾತನಾಡಿದರೆ ಎಂಥ ವಿರೋಧಕ್ಕೆ ಸಿಲುಕುತ್ತೇವೆಂಬುದನ್ನು ಅವರು 1901ರಲ್ಲಿಯೇ, ಗಣಿತದ ತಳಹದಿಯನ್ನು ಶೋಧಿಸುವಾಗ, ಕಂಡಿದ್ದರು. ಸದಸ್ಯರಿಗೆ ಸಲ್ಲುವ ಮಾತು ವರ್ಗಕ್ಕೂ ಸಲ್ಲುತ್ತದೆಂದು ಸುಮ್ಮನೆ ಹೇಳುವಂತಿಲ್ಲ.

ಗೋಡೆಯೊಂದನ್ನು ನೋಡಿರಿ. ಪ್ರತಿಯೊಂದು ಇಟ್ಟಿಗೆಯೂ ಕೆಂಪಾಗಿದ್ದರೆ ಗೋಡೆಯೂ ಕೆಂಪು. ಪ್ರತಿಯೊಂದು ಇಟ್ಟಿಗೆಯನ್ನೂ ಒಂದೇ ಕೈಯಲ್ಲಿ ಎತ್ತಬಹುದಾದರೆ ಗೋಡೆಯನ್ನೂ ಹಾಗೆ ಎತ್ತಬಹುದೆ? ಎರಡು ವಾದಗಳ ರೂಪವೂ ಒಂದೇ. ಒಂದೇ ರೂಪವು ಒಮ್ಮೆ ಸತ್ಯಕ್ಕೂ ಒಮ್ಮೆ ಅಸತ್ಯಕ್ಕೂ ಒಯ್ಯುವುದಾದರೆ, ಆ ರೂಪವನ್ನೇ ನಂಬಿ ನಡೆಯುವಂತಿಲ್ಲ. ಹಾಗೆಂದು, ವಾದ ಬಿದ್ದ ಮಾತ್ರಕ್ಕೆ ಅದರ ತೀರ್ಮಾನ ಸುಳ್ಳಾಗುವುದಿಲ್ಲ. ಗೋಡೆ ಕೆಂಪಾಗಿಯೇ ಇರುತ್ತದಲ್ಲವೆ? ಎದುರಾಳಿಯ ವಾದವನ್ನು ಮುರಿದ ಸಂತೋಷದಲ್ಲಿ ಇದನ್ನು ಮರೆಯುವವರೇ ಹೆಚ್ಚು.

ಕೊಪ್ಲ್‌ಸ್ಟನ್ನರ ಉತ್ತರವೂ ಚುರುಕಾಗಿತ್ತು. ತಾಯಿಯ ಉದಾಹರಣೆ ತಮ್ಮ ವಾದಕ್ಕೆ ತಗುಲದು. ಕಾರಣಗಳ ಸರಣಿಗೆ ಅಂಥದೇ ಮತ್ತೊಂದು ಲೌಕಿಕ ಕಾರಣವಿದೆಯೆಂದು ತಾವು ಹೇಳುತ್ತಿಲ್ಲ, ಆ ಸರಣಿ ಎಷ್ಟೇ ಉದ್ದವಾದರೂ ತನ್ನನ್ನು ತಾನೇ ವಿವರಿಸಲಾರದು ಎಂಬುದೇ ತಮ್ಮ ಮಾತು ಎಂದರು. ಹೀಗೆ ವಿವಾದವು ಸುತ್ತುಬಳಸನ್ನೆಲ್ಲ ಬಿಟ್ಟು ಒಂದು ಪ್ರಶ್ನೆಯ ಎದುರಿಗೆ ಬಂದಿತು: ಇಡೀ ವಿಶ್ವಕ್ಕೆ ವಿವರಣೆ ಬೇಕೇ ಬೇಕೆ? ಅಲ್ಲಿಯವರೆಗೆ ಕರೆತಂದುದು ತರ್ಕ. ಅಲ್ಲಿಂದ ಮುಂದಕ್ಕೆ ಅದರ ಸೂತ್ರಗಳು ನಡೆಯಲಿಲ್ಲ. ವಿವರಣೆ ಬೇಕೆಂದರು ಪಾದ್ರಿಗಳು. ವಿಶ್ವ ಇದೆ, ಅಷ್ಟೇ ಎಂದರು ರಸೆಲ್ಲರು.