ಡಬ್ಬಿ ಕೆಟ್ಟಿದೆಯೆಂದು ನಂಬುವ ಮುನ್ನ



ಕಾಫಿ ಕೊಯ್ಲಿಗೆ ವರ್ಷವರ್ಷವೂ ಆಳುಗಳನ್ನು ಕರೆತರುವ ನಮ್ಮ ಮೇಸ್ತ್ರಿಯವರದು ಸುರಪುರದ ಕಡೆಯ ಹಳ್ಳಿ. ಅವರ ಮಗಳ ಮದುವೆಗೆಂದು ಕಳೆದ ಬೇಸಿಗೆಯಲ್ಲಿ ಮನೆಯವಳೊಡನೆ ಜೀಪಿನಲ್ಲೇ ಹೊರಟೆ. ಯಾದಗಿರಿಯಲ್ಲಿ ಊಟ ಮುಗಿಸಿ, ಭೀಮೆಯ ಸೇತುವೆ ದಾಟಿ ಶಹಾಪುರದ ಹಾದಿ ಹಿಡಿದಾಗ ಕತ್ತಲಾಗಿತ್ತು. ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರ್. ಅದೇ ಹೊತ್ತಿಗೆ ದೀಪ ಆರಿ ಮತ್ತೆ ಹತ್ತಿತು, ಹಾರನ್ನೂ ಇಂಡಿಕೇಟರೂ ನಿಂತೇಹೋದವು. ಎಂಜಿನ್ ಮಾತ್ರ ಓಡುತ್ತಲೇ ಇತ್ತು. ದೇವರ ದಯೆ, ಬದಿಗೆ ನಿಲ್ಲಿಸಲು ಜಾಗವಿತ್ತು.

ಬೆಳಿಗ್ಗೆ ಒಂದು ಗ್ಯಾರೇಜಿನವರು ಸ್ಕ್ಯಾನರ್ ಜೋಡಿಸಿದರು. ಬಂದ ಕೋಡು ಯು-0140. “ಬಾಡಿ ಕಂಟ್ರೋಲ್ ಮಾಡ್ಯೂಲ್ ಹೋಗಿದೆ, ಹೊಸದೇ ಹಾಕಬೇಕು” ಎಂದರು. ಅವರು ಹೇಳಿದ ಬೆಲೆಗೆ ತೋಟಕ್ಕೆ ಒಂದು ಸುತ್ತು ಗೊಬ್ಬರ ಬರುತ್ತಿತ್ತು.

ದೀಪ, ಹಾರನ್, ವೈಪರ್, ಬಾಗಿಲ ಬೀಗ ಇವನ್ನೆಲ್ಲ ಆಳುವುದು ಈ ಡಬ್ಬಿ. ಇಂಥ ಡಬ್ಬಿಗಳು ಒಂದರೊಡನೊಂದು ಮಾತಾಡುವುದು ಹೆಣೆದ ಎರಡು ತಂತಿಗಳ ಮೇಲೆ; ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಹೊರತಂದ ‘ಕ್ಯಾನ್’ ಪದ್ಧತಿ ಇದು. ಕೋಡಿನ ಮೊದಲ ಅಕ್ಷರ ಪಿ ಇದ್ದರೆ ಎಂಜಿನ್-ಗೇರು, ಸಿ ಇದ್ದರೆ ಬ್ರೇಕು ಮೊದಲಾದ ಚಾಸಿಯ ಭಾಗ, ಬಿ ಇದ್ದರೆ ಬಾಡಿ, ಯು ಇದ್ದರೆ ಈ ಮಾತುಕತೆಯ ದೋಷ. ಯು-0140 ಎಂದರೆ ಬಾಡಿಯ ಡಬ್ಬಿಯಿಂದ ಉತ್ತರ ಬರಲಿಲ್ಲವೆಂದು ಬೇರೊಂದು ಡಬ್ಬಿ ಕೊಟ್ಟ ದೂರು, ಅಷ್ಟೇ. ಮಳೆಗಾಲದಲ್ಲಿ ಮರ ಬಿದ್ದು ನಮ್ಮ ಫೋನು ಸತ್ತರೆ, ಮನೆಯವರೇ ಸತ್ತರೆಂದು ಯಾರೂ ತಿಥಿಗೆ ಬರುವುದಿಲ್ಲವಷ್ಟೆ!

ಶಹಾಪುರದ ಬಸ್‌ಸ್ಟ್ಯಾಂಡ್ ಬಳಿಯ ಎಲೆಕ್ಟ್ರಿಷಿಯನ್ ಹುಡುಗನೊಬ್ಬ ಮಲ್ಟಿಮೀಟರ್ ತಂದ. ಬ್ಯಾಟರಿ 12.5 ವೋಲ್ಟ್, ಸರಿಯಾಗಿಯೇ ಇತ್ತು. ದೀಪ ಹಾಕಿಸಿ, ಬ್ಯಾಟರಿಯ ನೆಗೆಟಿವ್‌ಗೂ ಡಬ್ಬಿಯ ಅರ್ಥ್ ತಂತಿಗೂ ಮೀಟರ್ ಹಿಡಿದ. 0.1ರ ಆಸುಪಾಸಿನಲ್ಲಿರಬೇಕಾದದ್ದು ಸುಮಾರು 2 ವೋಲ್ಟ್ ತೋರಿಸಿತು.

“ಡಬ್ಬಿ ಛಲೋ ಅದರಿ ಸಾಹೇಬ್ರ, ಅರ್ಥಿಂಗ್ ಹೋಗ್ಯಾದ.”

ಕಾಲಿಡುವ ಜಾಗದ ಪಕ್ಕದಲ್ಲಿ ಅರ್ಥ್ ಬೋಲ್ಟು ಹಸಿರು ಕಿಲುಬು ಹಿಡಿದಿತ್ತು. ನಮ್ಮ ಮಳೆಯಲ್ಲಿ ನೆಂದ ಗಂಬೂಟುಗಳ ಪ್ರಸಾದ ಅದು, ತಪ್ಪು ನನ್ನದೇ. ಉಪ್ಪುಕಾಗದದಲ್ಲಿ ತಿಕ್ಕಿ, ಬಿಗಿದು, ಕೋಡು ಅಳಿಸಿದ. ಮತ್ತೆ ಬರಲಿಲ್ಲ. ಮದುವೆಯ ಅಕ್ಷತೆಗೂ ತಲುಪಿದೆವು.

ಅರ್ಥ್, ಫ್ಯೂಸು ಎರಡೂ ಸರಿಯಿದ್ದರೆ ಇಲಿ ಕಡಿದ ತಂತಿಯನ್ನು ಹುಡುಕಬೇಕು. ಬ್ಯಾಟರಿ ಕಳಚಿ, ಸ್ಕ್ಯಾನರಿನ 16 ಕಾಲಿನ ಸಾಕೆಟ್ಟಿನಲ್ಲಿ 6 ಮತ್ತು 14ನೆಯ ಕಾಲುಗಳ ನಡುವೆ ಅಳೆದರೆ ಹೆಚ್ಚಿನ ವಾಹನಗಳಲ್ಲಿ 60 ಓಮ್ ಬರಬೇಕು. 120 ಬಂದರೆ ಎಲ್ಲೋ ತಂತಿ ತುಂಡಾಗಿದೆ. ಅಳಿಸುವ ಮುನ್ನ ಕೋಡನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಸಂಘದ ಕಚೇರಿಯಲ್ಲಿ ಮಲ್ಟಿಮೀಟರ್ ಒಂದನ್ನು ಇರಿಸಲಾಗಿದೆ. ಸದಸ್ಯರು ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು. ಮೂರು ದಿನದೊಳಗೆ ಹಿಂದಿರುಗಿಸತಕ್ಕದ್ದು.

— ಕಾರ್ಯದರ್ಶಿ